ಅಡಿಕೆ ಒಲೆಯ ಮುಂದೆ ಅಕ್ಕನ ಕಥೆ

1986ರ ಮಾರ್ಚಿನಲ್ಲಿ ಚಂದ್ರಗುತ್ತಿ ಜಾತ್ರೆಯಲ್ಲಿ ದೊಡ್ಡ ಗಲಭೆಯಾಯಿತು. ರೇಣುಕಾಂಬೆಗೆ ಹರಕೆ ಹೊತ್ತವರು ವರದಾ ನದಿಯಲ್ಲಿ ಮಿಂದು, ಬೇವಿನ ಸೊಪ್ಪು ಹಿಡಿದು, ಬೆತ್ತಲೆಯಾಗಿ ಗುಡ್ಡದ ಗುಡಿಗೆ ಹೋಗುತ್ತಿದ್ದ ಕಾಲ ಅದು. ಅದನ್ನು ತಡೆಯಲು ಬಂದ ಕಾರ್ಯಕರ್ತರನ್ನೂ ಪೊಲೀಸರನ್ನೂ ಜನ ಹಿಡಿದು ಹೊಡೆದರು, ಅವರ ಬಟ್ಟೆಯನ್ನೇ ಕಿತ್ತರು. ಸೊರಬದ ಹಳ್ಳಿಗಳಲ್ಲಿ ಮಳೆಗಾಲ ಮುಗಿದರೂ ಆ ಸುದ್ದಿಯ ಬಿಸಿ ಆರಿರಲಿಲ್ಲ. ಆ ವರ್ಷದ ಅಡಿಕೆ ಕೊಯ್ಲಿನಲ್ಲಿ, ನಮ್ಮ ಮನೆಯ ಅಂಗಳದಲ್ಲಿ, ಅದೇ ಮಾತು ಮತ್ತೆ ಎದ್ದಿತು.

ಅಡಿಕೆ ಸುಲಿಯುವ ರಾತ್ರಿ ಹೇಗಿರುತ್ತದೆಂದು ಈ ಕಡೆಯವರಿಗೆ ಹೇಳಬೇಕಿಲ್ಲ. ಹಸಿ ಅಡಿಕೆಯ ರಾಶಿ ನಡುವೆ, ಸುತ್ತ ಮೆಟ್ಟುಗತ್ತಿಗಳ ಸಾಲು. ಒಂದು ಬದಿಗೆ ಹಂಡೆಯಲ್ಲಿ ಅಡಿಕೆ ಬೇಯಿಸುವ ಚೊಗರು ಕುದಿಯುತ್ತಿರುತ್ತದೆ. ನಿದ್ದೆ ಬಾರದಿರಲೆಂದು ಯಾರಾದರೂ ಕಥೆ ಹೇಳಲೇಬೇಕು. ನಮ್ಮಲ್ಲಿ ಆ ಕೆಲಸ ದೊಡ್ಡಮ್ಮನದು. ಅವಳ ತವರು ಶಿರಾಳಕೊಪ್ಪದ ಹತ್ತಿರ, ಉಡುತಡಿಯ ಕಡೆ.

ಮಾತು ತೆಗೆದವರು ಚಿಕ್ಕಪ್ಪ. “ಅಲ್ಲ ಅತ್ತಿಗೆ, ನಿಮ್ಮೂರ ಅಕ್ಕಮಹಾದೇವಿ ಬೆತ್ತಲೆ ಹೋದಳು ಅಂತ ಕೈಮುಗೀತೀವಿ. ಚಂದ್ರಗುತ್ತೀಲಿ ಹೋದರೆ ಮಾತ್ರ ಯಾಕೆ ಬೇಡ ಅಂತಾರೆ?”

ದೊಡ್ಡಮ್ಮ ಕೈಯಲ್ಲಿದ್ದ ಅಡಿಕೆ ಸುಲಿದು ಮುಗಿಸಿ ಹೇಳಿದಳು: “ಅಲ್ಲಪ್ಪಾ, ಅಕ್ಕನಿಗೆ ಸೀರೆ ಬಿಚ್ಚು ಅಂತ ಯಾರಾದ್ರೂ ಹರಕೆ ಹೊರಿಸಿದ್ರಾ? ಈ ಹೆಣ್ಣುಮಕ್ಕಳಿಗೆ ಬಿಚ್ಚು ಅಂತ ಹೇಳಿದ್ದು ಊರು. ಅವಳು ಬಿಟ್ಟು ಹೋಗಿದ್ದೇ ಊರನ್ನ.”

ಕತ್ತಿಯ ಸದ್ದು ನಿಂತಿತು. ಚಂದ್ರಗುತ್ತಿಗೆ ಹಾಗೆ ಹೋಗುತ್ತಿದ್ದವರಲ್ಲಿ ಹೆಚ್ಚಿನವರು ಬಡವರು, ದಲಿತರು. ಅಂಥ ಮನೆಯ ಹೆಂಗಸರಿಬ್ಬರು ನಮ್ಮ ಜೊತೆಗೇ ಕೂತು ಸುಲಿಯುತ್ತಿದ್ದರು. ಅವರಲ್ಲಿ ಹಿರಿಯವಳು “ಹೇಳಿ ಅಮ್ಮಾ, ಪೂರ್ತಿ ಹೇಳಿ” ಎಂದಳು. ಆ ರಾತ್ರಿ ದೊಡ್ಡಮ್ಮ ಕಥೆಯನ್ನು ಮೊದಲಿನಿಂದ ಹೇಳಿದಳು.

ಹನ್ನೆರಡನೆಯ ಶತಮಾನ. ಉಡುತಡಿಯ ಬೀದಿಯಲ್ಲಿ ಕೌಶಿಕ ರಾಜನ ಮೆರವಣಿಗೆ. ಬಾಗಿಲಲ್ಲಿ ನಿಂತಿದ್ದ ಮಹಾದೇವಿ ಅವನ ಕಣ್ಣಿಗೆ ಬಿದ್ದಳು. ಅರಮನೆಯಿಂದ ಮಂತ್ರಿಗಳು ಬಂದರು, ಒಪ್ಪದಿದ್ದರೆ ಆಗುವುದನ್ನೂ ಸೂಚಿಸಿದರು. ತಂದೆತಾಯಿ ಹೆದರಿದರು. ಹುಡುಗಿ ಆಗಲೇ ಶ್ರೀಶೈಲದ ಚೆನ್ನಮಲ್ಲಿಕಾರ್ಜುನನನ್ನು ಗಂಡನೆಂದು ನಂಬಿದವಳು. ಹೆತ್ತವರ ಜೀವ ಉಳಿಯಲೆಂದು ಒಪ್ಪಿದಳು, ಆದರೆ ಷರತ್ತು ಹಾಕಿ ಒಪ್ಪಿದಳು: ನನ್ನ ಪೂಜೆ, ನನ್ನ ಗುರು, ನನ್ನ ಶರಣರ ಕೂಟಕ್ಕೆ ಅಡ್ಡ ಬರಬಾರದು, ಮೂರು ತಪ್ಪಿನವರೆಗೆ ತಾಳುತ್ತೇನೆ.

“ಷರತ್ತು ಅನ್ನೋದನ್ನ ಮರೀಬೇಡಿ” ಎಂದಳು ದೊಡ್ಡಮ್ಮ. “ಎಲ್ಲರೂ ಅವಳ ಕೂದಲ ಕಥೆ ಹೇಳ್ತಾರೆ. ಷರತ್ತಿನ ಕಥೆ ಹೇಳೋದಿಲ್ಲ.”

ಮೂರು ಸಲವೂ ರಾಜ ಮಾತಿಗೆ ತಪ್ಪಿದ. ಮಹಾದೇವಿ ಅವನು ಕೊಟ್ಟ ಒಡವೆ, ಉಟ್ಟ ಸೀರೆ ಎಲ್ಲವನ್ನೂ ಅಲ್ಲೇ ಬಿಟ್ಟು ಹೊರಗೆ ಬಂದಳು. ತವರಿಗೂ ಮರಳಲಿಲ್ಲ. ತಡೆಯಲು ಬಂದ ತಾಯಿಗೂ ನಿಲ್ಲಲಿಲ್ಲ.

ದೊಡ್ಡಮ್ಮ ಹೇಳಿದ ಈ ಮದುವೆಯ ಕಥೆ ಹರಿಹರನ ಮಹಾದೇವಿಯಕ್ಕನ ರಗಳೆಯ ದಾರಿ ಎಂದು ಕಾಲೇಜಿಗೆ ಹೋದಮೇಲೆ ತಿಳಿಯಿತು. ಹದಿನೈದನೆಯ ಶತಮಾನದ ಚಾಮರಸ ತನ್ನ ಪ್ರಭುಲಿಂಗಲೀಲೆಯಲ್ಲಿ ಮದುವೆಯೇ ಆಗಲಿಲ್ಲ ಎನ್ನುತ್ತಾನೆ. ಮದುವೆಯ ಬಗ್ಗೆ ಇಬ್ಬರಿಗೂ ಒಮ್ಮತವಿಲ್ಲ. ಅವಳು ಅರಮನೆಯನ್ನು ಧಿಕ್ಕರಿಸಿ ಹೊರಟಳು ಎಂಬುದರಲ್ಲಿ ಇಬ್ಬರಿಗೂ ಅನುಮಾನವಿಲ್ಲ.

ಹೊರಟವಳು ನೇರ ಕಾಡು ಸೇರಲಿಲ್ಲ. ಈ ಮಾತನ್ನು ದೊಡ್ಡಮ್ಮ ಒತ್ತಿ ಹೇಳಿದಳು. ಮೊದಲು ಕಲ್ಯಾಣಕ್ಕೆ ನಡೆದಳು. ಉಡುತಡಿಯ ಕಡೆಯ ಶಿಕಾರಿಪುರದಿಂದ ಈಗಿನ ಬಸವಕಲ್ಯಾಣಕ್ಕೆ ನಾನೂರು ಕಿಲೋಮೀಟರಿಗೂ ಹೆಚ್ಚು ದೂರ. ಮಲೆನಾಡಿನ ಅಂಚು ದಾಟಿದರೆ ಬಯಲುಸೀಮೆ. ಬಿಸಿಲಿಗೆ ನೆರಳಿಲ್ಲ, ನೋಡುವ ಕಣ್ಣುಗಳಿಗೆ ಮರೆಯಿಲ್ಲ. ಊರಿನಲ್ಲಿ ಭಿಕ್ಷೆ, ಕೆರೆಯಲ್ಲಿ ನೀರು, ಹಾಳುಗುಡಿಯಲ್ಲಿ ನಿದ್ದೆ. ದಾರಿಯಲ್ಲಿ ಕಾಡಿದ ಗಂಡಸರಿಗೆ ಅವಳು ಕೊಟ್ಟ ಉತ್ತರಗಳು ಅವಳ ವಚನಗಳಲ್ಲೇ ಉಳಿದಿವೆ.

ಕಲ್ಯಾಣದಲ್ಲಿ ಅವಳನ್ನು ಎದುರು ನಿಲ್ಲಿಸಿ ಪ್ರಶ್ನೆ ಕೇಳಿದವನು ಅಲ್ಲಮಪ್ರಭು. ಅವನೂ ನಮ್ಮ ಸೀಮೆಯವನೇ, ಬಳ್ಳಿಗಾವಿಯವನು. ಗುಡಿಯಲ್ಲಿ ಮದ್ದಳೆ ಬಾರಿಸುತ್ತಿದ್ದವನು, ಒಲಿದ ಕಮಲತೆ ತೀರಿಕೊಂಡಮೇಲೆ ಎಲ್ಲ ತೊರೆದು ಅಲೆದು, ಅನಿಮಿಷಯ್ಯನಿಂದ ಲಿಂಗ ಪಡೆದು ಕಲ್ಯಾಣಕ್ಕೆ ಬಂದವನು. ಬಟ್ಟೆ ಬಿಟ್ಟವಳು ಕೂದಲಿನಿಂದ ಮೈ ಮುಚ್ಚಿಕೊಂಡದ್ದು ಯಾಕೆ ಎಂದು ಅವನು ಕೇಳಿದ. ತನಗೆ ನಾಚಿಕೆಯೆಂದು ಅವಳು ಹೇಳಲಿಲ್ಲ, ನೋಡುವವರಿಗೆ ನೋವಾಗಬಾರದೆಂದಳು. ಶೂನ್ಯಸಂಪಾದನೆಯಲ್ಲಿ ಈ ಸಂವಾದ ಓದುವಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಒಂದೇ ಸೀಮೆಯ ಇಬ್ಬರು, ಬಳ್ಳಿಗಾವಿ ಮತ್ತು ಉಡುತಡಿಯವರು, ಅಷ್ಟು ದೂರದ ಊರಿನಲ್ಲಿ, ನೂರಾರು ಶರಣರ ಮುಂದೆ, ಸರಿಸಮಾನವಾಗಿ ಮಾತಾಡಿದರು. ಆ ಸಭೆ ಅವಳನ್ನು ಅಕ್ಕ ಎಂದು ಕರೆಯಿತು.

ಕಾಡಿಗೆ ಹೋಗಿದ್ದು ಅದಾದಮೇಲೆ. ಕಲ್ಯಾಣದಿಂದ ಶ್ರೀಶೈಲದ ಕದಳಿವನಕ್ಕೆ. ಕೃಷ್ಣೆಯ ದಂಡೆಯ ನಲ್ಲಮಲ ಕಾಡು ಅದು. ಪಾತಾಳಗಂಗೆಯಿಂದ ದೋಣಿ ಹತ್ತಿ, ಅಕ್ಕಮಹಾದೇವಿಯ ಗುಹೆ ಎಂದು ಜನ ಪೂಜಿಸುವ ಜಾಗಕ್ಕೆ ನಾನು ಹೋಗಿದ್ದೇನೆ. ಸುತ್ತಲಿನ ಕಾಡು ಇವತ್ತಿಗೂ ಹುಲಿಗಳ ಅಭಯಾರಣ್ಯ. ಒಳಗಿನ ಕಿರಿದಾದ ದಾರಿಯಲ್ಲಿ ಬಗ್ಗಿ ಹೋಗುವಾಗ, ಗಿಳಿಯನ್ನೂ ಕೋಗಿಲೆಯನ್ನೂ ದುಂಬಿಯನ್ನೂ ನನ್ನ ದೇವನನ್ನು ಕಂಡಿರಾ ಎಂದು ಕೇಳುತ್ತ ನಡೆದವಳು ಇಲ್ಲಿ ಯಾರಿಗೂ ಉತ್ತರ ಕೊಡಬೇಕಿರಲಿಲ್ಲ ಎನಿಸಿತು.

ಅದೇ ಶ್ರೀಶೈಲದ ಕಾಡಿಗೆ ನಮ್ಮ ಸೀಮೆಯಿಂದ ಅಕ್ಕನಿಗಿಂತ ಸುಮಾರು ಎಂಟುನೂರು ವರ್ಷ ಮೊದಲೂ ಒಬ್ಬ ಹೋಗಿದ್ದ. ತಾಳಗುಂದದ ಮಯೂರಶರ್ಮ. ಓದಲೆಂದು ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ ಹೋದವನು ಪಲ್ಲವರ ಕುದುರೆ ಸವಾರನೊಬ್ಬನಿಂದ ಅವಮಾನಗೊಂಡು, ಓದು ಬಿಟ್ಟು ಕತ್ತಿ ಹಿಡಿದ. ಶ್ರೀಪರ್ವತವೆನ್ನುತ್ತಿದ್ದ ಶ್ರೀಶೈಲದವರೆಗಿನ ದುರ್ಗಮ ಕಾಡಿನಲ್ಲಿ ನೆಲೆಯೂರಿ, ಪಲ್ಲವರ ಗಡಿಕಾವಲನ್ನು ಸೋಲಿಸಿ, ಕೊನೆಗೆ ಬನವಾಸಿಯ ಕದಂಬ ರಾಜ್ಯ ಕಟ್ಟಿದ. ತಾಳಗುಂದದ ಪ್ರಣವೇಶ್ವರ ಗುಡಿಯ ಮುಂದಿನ ಕಂಬದಲ್ಲಿ ಕವಿ ಕುಬ್ಜ ಬರೆದ ಶಾಸನ ಇದನ್ನೆಲ್ಲ ಹೇಳುತ್ತದೆ.

ಮಯೂರನಿಗೆ ಕಾಡು ಕೋಟೆಯಾಯಿತು. ಅಲ್ಲಿಂದ ಸಿಂಹಾಸನಕ್ಕೆ ಇಳಿದು ಬಂದ. ಅಕ್ಕ ಸಿಂಹಾಸನದ ಪಕ್ಕದಿಂದಲೇ ಎದ್ದು ಹೋದವಳು, ಮರಳಿ ಬರಲಿಲ್ಲ. ಅವಳ ಬಿಡುಗಡೆ ಕಾಡಿನಲ್ಲಿ ಸಿಕ್ಕಿದ್ದೆಂದು ನಾನು ನಂಬುವುದಿಲ್ಲ. ಅರಮನೆಗೆ ಷರತ್ತು ಹಾಕಿದ ದಿನ ಅದು ಶುರುವಾಯಿತು, ಕಲ್ಯಾಣದ ಸಭೆಯಲ್ಲಿ ಗಟ್ಟಿಯಾಯಿತು. ಎಲ್ಲ ಕಟ್ಟು ಕಳಚಿಕೊಂಡವಳು ಆಮೇಲೆ ತನಗೆ ಬೇಕಾದ ಜಾಗಕ್ಕೆ ಹೋದಳು, ಆ ಜಾಗ ಕಾಡಾಗಿತ್ತು. ಕಾಡಿಗೆ ಹೋದರೆ ಸ್ವತಂತ್ರರಾಗುತ್ತೇವೆ ಎಂದು ಇವತ್ತು ನಂಬುವ ಎಳೆಯರು ಈ ಕ್ರಮವನ್ನು ಗಮನಿಸಬೇಕು.

ಆ ರಾತ್ರಿ ಕಥೆ ಮುಗಿದಾಗ ಚಿಕ್ಕಪ್ಪ ಮರುಮಾತಾಡಲಿಲ್ಲ. ಕೇಳಿದ ಹಿರಿಯ ಹೆಂಗಸು ಮಾತ್ರ, “ನಮ್ಮ ಹುಡುಗಿಗೆ ಇನ್ನು ಹರಕೆ ಹೊರಿಸೋದಿಲ್ಲ ಅಮ್ಮಾ” ಎಂದಳು. ಸರ್ಕಾರ ಮುಂದೆ ಬೆತ್ತಲೆ ಸೇವೆಯನ್ನು ನಿಷೇಧಿಸಿತು. ಆ ಮನೆಯಲ್ಲಿ ಅದು ಕಾನೂನಿಗಿಂತ ಮೊದಲೇ ನಿಂತಿತ್ತು.

ಈಗ ಉಡುತಡಿಯಲ್ಲಿ ಅಕ್ಕನ ದೊಡ್ಡ ಪ್ರತಿಮೆ ನಿಂತಿದೆ. ಹೋಗಿ ನೋಡಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. ಅವರಿಗೆ ಕೂದಲ ಕಥೆಯ ಜೊತೆ ಷರತ್ತಿನ ಕಥೆಯನ್ನೂ ಹೇಳಿ. ಮನೆಯ ಹೆಣ್ಣುಮಗಳು ಒಲ್ಲೆ ಎಂದ ದಿನ ಆ ಮಾತಿಗೆ ಬೆಲೆ ಕೊಡಿ. ಅಕ್ಕನಿಗೆ ಕೈಮುಗಿಯುವ ಹಕ್ಕು ಹಾಗೆ ನಡೆದುಕೊಂಡವರಿಗೇ ಸಲ್ಲುತ್ತದೆ.