ನಾವು ಬೇಸ್ ಗಿಟಾರ್ ಕೊಂಡದ್ದು

ಸಂಘದ ವಾದ್ಯವೃಂದಕ್ಕೆ ಒಂದು ಬೇಸ್ ಗಿಟಾರ್ ಬೇಕು ಎಂಬ ಮಾತು ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಬಂದಾಗ ನಮ್ಮ ಕೋಶಾಧಿಕಾರಿಗಳು ಕನ್ನಡಕ ತೆಗೆದು ಒರೆಸಿಕೊಂಡು, “ಇರುವ ಗಿಟಾರಿಗೆ ಆರು ತಂತಿ. ಇದಕ್ಕೆ ನಾಲ್ಕೇ ತಂತಿ. ಬೆಲೆ ಮಾತ್ರ ಹೆಚ್ಚು. ಇದಾವ ಲೆಕ್ಕ ಸ್ವಾಮಿ?” ಎಂದರು. ಸಭೆ ನಕ್ಕಿತು. ಆದರೆ ಪ್ರಶ್ನೆ ನಗುವಂಥದ್ದಲ್ಲ. ಸದಸ್ಯರ ವಂತಿಗೆಯಿಂದ ನಡೆಯುವ ಸಂಘದಲ್ಲಿ ಪ್ರತಿಯೊಂದು ರೂಪಾಯಿಗೂ ಉತ್ತರ ಹೇಳಬೇಕಾಗುತ್ತದೆ. ಸಂಗೀತ ವಿಭಾಗದ ನಾವು ನಾಲ್ವರು ಆ ಉತ್ತರವನ್ನು ಹುಡುಕುತ್ತ ಎರಡು ತಿಂಗಳು ತಿರುಗಿದೆವು. ನಮ್ಮಂತೆಯೇ ವಾದ್ಯ ಕೊಳ್ಳಹೊರಟ ಬೇರೆ ಸಂಘಗಳ ಮಿತ್ರರಿಗೆ ಉಪಯೋಗವಾದೀತೆಂದು ಆ ತಿರುಗಾಟದ ಸಮಾಚಾರವನ್ನು ಇಲ್ಲಿ ಬರೆಯುತ್ತಿದ್ದೇವೆ.

ಬೇಸ್ ಎಂದರೇನೆಂದು ಕೇಳಿದವರಿಗೆ ನಾವು ಕೊಟ್ಟ ಉದಾಹರಣೆ ಮೃದಂಗದ ಎಡಮೈಯದು. ಅಲ್ಲಿ ರವೆಯ ಕಣಕ ಮೆತ್ತದಿದ್ದರೆ ಬಲಮೈಯ ನಾದ ಎಷ್ಟೇ ಚೆನ್ನಾಗಿದ್ದರೂ ಮೃದಂಗ ಬರಡು. ತಂಬೂರಿಯ ಖರಜದ ತಂತಿಯೂ ಹಾಗೆಯೇ. ಯಾರೂ ಅದನ್ನು ಬೇರೆಯಾಗಿ ಕೇಳುವುದಿಲ್ಲ, ಅದು ನಿಂತರೆ ಮಾತ್ರ ಎಲ್ಲರಿಗೂ ಗೊತ್ತಾಗುತ್ತದೆ. ಇಳಯರಾಜ ಅವರು ಸಂಗೀತ ಕೊಟ್ಟ ‘ಗೀತಾ’ (1981), ‘ಪಲ್ಲವಿ ಅನುಪಲ್ಲವಿ’ (1983) ಚಿತ್ರಗಳ ಹಾಡುಗಳನ್ನು ನಮ್ಮ ಹುಡುಗರು ಹಾರ್ಮೋನಿಯಂ, ತಬಲಾ ಇಟ್ಟುಕೊಂಡು ಹಾಡಿದಾಗ ಶ್ರೋತೃಗಳು ಚಪ್ಪಾಳೆ ತಟ್ಟಿದರೂ ಏನೋ ಕೊರೆ ಎಂದು ನಮಗೆ ಅನಿಸುತ್ತಿತ್ತಲ್ಲ, ಆ ಕೊರೆಯ ಹೆಸರೇ ಬೇಸ್ ಗಿಟಾರ್. ಆ ಹಾಡುಗಳಲ್ಲಿ ಅದು ಬರಿಯ ಆಧಾರವಲ್ಲ. ಗಾಯಕನ ಪಕ್ಕದಲ್ಲೇ ನಡೆಯುವ ಎರಡನೆಯ ದನಿ.

ನುಡಿಸುವವರು ಯಾರು? ಇಬ್ಬರಿದ್ದರು. ಮೊದಲನೆಯವರು ನಮ್ಮ ಹಿರಿಯ ಸದಸ್ಯರೊಬ್ಬರು. ಹಗಲು ಪರೇಲ್ ಕಡೆಯ ಬಟ್ಟೆ ಗಿರಣಿಯಲ್ಲಿ ದುಡಿದು, ರಾತ್ರಿ ಗಣೇಶೋತ್ಸವದ ಚಪ್ಪರಗಳಲ್ಲಿ, ಮದುವೆಯ ಹಾಲುಗಳಲ್ಲಿ ಆರ್ಕೆಸ್ಟ್ರಾದೊಂದಿಗೆ ಬೇಸ್ ನುಡಿಸುತ್ತಿದ್ದವರು. 1982ರ ಜನವರಿಯಲ್ಲಿ ಗಿರಣಿ ಮುಷ್ಕರ ಸುರುವಾಗಿ ತಿಂಗಳುಗಳು ಉರುಳಿದಾಗ, ಮನೆಯ ಅಕ್ಕಿಗಾಗಿ ತಮ್ಮ ಗಿಟಾರನ್ನು ಮಾರಿದರು. ಆಮೇಲೆ ಮುಟ್ಟಲಿಲ್ಲ. ಈಗ ಅವರ ಎಡಗೈಯ ಉಂಗುರದ ಬೆರಳು, ಕಿರುಬೆರಳು ಸಂಧಿವಾತದಿಂದ ಬಿಗಿದುಕೊಂಡಿವೆ. ಎರಡನೆಯವಳು ಹನ್ನೊಂದನೆಯ ತರಗತಿಯ ಹುಡುಗಿ. ಭಾಂಡುಪಿನಲ್ಲೇ ಹುಟ್ಟಿ ಬೆಳೆದವಳು. ಮನೆಯಲ್ಲಿ ತುಳು, ಓಣಿಯಲ್ಲಿ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷ್. ಕನ್ನಡದ ಹಾಡನ್ನು ನಾಗರಿ ಲಿಪಿಯಲ್ಲಿ ಬರೆದುಕೊಳ್ಳುತ್ತಾಳೆ. ಮುಂಬಯಿಯ ಮೋಹಿನಿ ಡೇ ಬೇಸ್ ನುಡಿಸುವುದನ್ನು ನೋಡಿ ಆ ವಾದ್ಯಕ್ಕೆ ಮನಸೋತವಳು. ಒಬ್ಬರಿಗೆ ಬೆರಳು ಚಾಚದು, ಇನ್ನೊಬ್ಬಳಿಗೆ ಅಂಗೈ ಸಣ್ಣದು. ನಮ್ಮ ಆಯ್ಕೆಯೆಲ್ಲ ಈ ಎರಡು ಎಡಗೈಗಳನ್ನು ನೋಡಿಯೇ ನಡೆಯಬೇಕಾಗಿತ್ತು.

ಲಿಯೋ ಫೆಂಡರ್ 1951ರಲ್ಲಿ ತಂದ ಪ್ರಿಸಿಷನ್ ಬೇಸಿನ ತಂತಿಯ ಉದ್ದ, ಅಂದರೆ ಮೇರುವಿನಿಂದ ಕುದುರೆಯವರೆಗೆ, 34 ಇಂಚು. ಇಂದಿಗೂ ಪೇಟೆಯಲ್ಲಿ ಬಹುಪಾಲು ಬೇಸ್‌ಗಳದ್ದು ಇದೇ ಅಳತೆ. ಆದರೆ 30 ಇಂಚಿನ ಗಿಡ್ಡ ಬೇಸುಗಳೂ ಇವೆ; ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗಿನಲ್ಲಿ ಕೊಂಡ, ಪಿಟೀಲಿನ ಆಕಾರದ ಹಾಫ್ನರ್ ಇದೇ ಜಾತಿಯದು. 34 ಇಂಚಿನದರಲ್ಲಿ ಮೊದಲನೆಯ ಮನೆಯ ಅಗಲ ಸುಮಾರು 1.9 ಇಂಚಾದರೆ 30 ಇಂಚಿನದರಲ್ಲಿ 1.7. ಇಷ್ಟೇನಾ ಎನ್ನಬೇಡಿ. ನಾಲ್ಕು ಮನೆ ದಾಟುವಷ್ಟರಲ್ಲಿ ಮುಕ್ಕಾಲು ಇಂಚಿನ ಉಳಿತಾಯ. ಬಿಗಿದ ಬೆರಳಿಗೆ ಆ ಮುಕ್ಕಾಲು ಇಂಚೇ ಸಂಗೀತಕ್ಕೂ ನೋವಿಗೂ ನಡುವಿನ ಅಂತರ.

ಧೋಬಿ ತಲಾವಿನ ಫರ್ಟಾಡೋಸ್ ಅಂಗಡಿ 1865ರಷ್ಟು ಹಳೆಯ ಮನೆತನ. ಅಲ್ಲಿಂದ ತೊಡಗಿ ಮೂರು ನಾಲ್ಕು ಕಡೆ ನೋಡಿದೆವು. ಹಿರಿಯರು ಮಾಡಿದ ಪರೀಕ್ಷೆ ನೋಡಿ ನಾವು ತಲೆದೂಗಿದೆವು. ಆಂಪ್ಲಿಫಯರಿಗೆ ಜೋಡಿಸುವ ಮೊದಲು ಗಿಟಾರಿನ ಹೊಟ್ಟೆಯನ್ನು ತಮ್ಮ ಎದೆಗೆ ಒತ್ತಿಕೊಂಡು ಬರಿಯ ತಂತಿಯನ್ನು ಮೀಟಿದರು. ಮರ ನಡುಗುತ್ತದೋ ಇಲ್ಲವೋ ಎಂದು. ಆಮೇಲೆ ಪ್ರತಿ ತಂತಿಯನ್ನೂ ಪ್ರತಿ ಮನೆಯಲ್ಲಿ ಒತ್ತಿ ಗರಗರ ಸದ್ದು ಎಲ್ಲಿದೆ ನೋಡಿದರು. ಹನ್ನೆರಡನೆಯ ಮನೆಯ ಸ್ವರವೂ ಬರಿಯ ತಂತಿಯ ಸ್ವರವೂ ಸರಿಯಾಗಿ ಒಂದು ಸ್ಥಾಯಿ ಅಂತರದಲ್ಲಿವೆಯೇ ಎಂದು ತಾಳೆ ನೋಡಿದರು. ಕೊನೆಗೆ ಕತ್ತನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಬಂದೂಕಿನಂತೆ ಗುರಿ ನೋಡಿದರು. ನಾಲ್ಕು ತಂತಿಗಳೂ ಸೇರಿ ಎಳೆಯುವ ಬಲ 70–80 ಕೆ.ಜಿ.ಯ ಆಸುಪಾಸು, ಒಬ್ಬ ದೊಡ್ಡ ಮನುಷ್ಯ ಹಗಲೂ ರಾತ್ರಿ ಕತ್ತಿಗೆ ಜೋತುಬಿದ್ದಂತೆ! ಅದನ್ನು ತಡೆಯಲು ಕತ್ತಿನೊಳಗೆ ಒಂದು ಕಬ್ಬಿಣದ ಸಲಾಕೆ ಇರುತ್ತದೆ. ಮುಂಬಯಿಯ ಮಳೆಗಾಲದಲ್ಲಿ ಮರ ತೇವ ಹೀರಿ ಬಾಗಿದರೆ ಆ ಸಲಾಕೆಯ ತಿರುಪನ್ನು ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು.

ಇನ್ನು ಆಂಪ್ಲಿಫಯರಿನ ಅಧ್ಯಾಯ. ಕೋಶಾಧಿಕಾರಿಗಳ ಲೆಕ್ಕಕ್ಕೆ ನಿಜವಾದ ಉತ್ತರವಿರುವುದು ಇಲ್ಲಿ. ಬೇಸಿನ ಅತ್ಯಂತ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಸಾಮಾನ್ಯ ಗಿಟಾರಿನ ದಪ್ಪ ತಂತಿ 82 ಸಲ. ಇಷ್ಟು ಕೆಳಗಿನ ನಾದಕ್ಕೆ ನಮ್ಮ ಕಿವಿ ಮಂದ. ಅದು ಕೇಳಬೇಕಾದರೆ ಸ್ಪೀಕರಿನ ಕಾಗದದ ಶಂಕು ಬಹಳಷ್ಟು ಗಾಳಿಯನ್ನು ತಳ್ಳಬೇಕು. ಅದಕ್ಕೇ 10, 12, 15 ಇಂಚಿನ ಸ್ಪೀಕರು, ಅದಕ್ಕೇ ದೊಡ್ಡ ಪೆಟ್ಟಿಗೆ. 30 ವಾಟಿನ ಗಿಟಾರ್ ಆಂಪ್ಲಿಫಯರ್ ಒಂದು ಸಭಾಗೃಹಕ್ಕೆ ಸಾಕೆನಿಸಿದರೆ, ಬೇಸಿಗೆ ಅದೇ ಸಭಾಗೃಹದಲ್ಲಿ 150–200 ವಾಟು ಬೇಕೆನಿಸುತ್ತದೆ. ವಾಟು ಇಮ್ಮಡಿಯಾದರೆ ಸದ್ದು ಇಮ್ಮಡಿಯಾಗುವುದಿಲ್ಲ ಎಂಬುದನ್ನೂ ಓದುಗರು ಗಮನಿಸಬೇಕು. ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಇಮ್ಮಡಿ ಎನಿಸಲು ಹತ್ತರಷ್ಟು ವಾಟು ಬೇಕು! ಅಂಗಡಿಯವರು 100ರ ಬದಲು 120 ವಾಟಿನದನ್ನು ಹೊಗಳಿ ಹೆಚ್ಚು ಬೆಲೆ ಹೇಳಿದಾಗ ನಾವು ನಸುನಕ್ಕು ಮುಂದೆ ನಡೆದೆವು.

ಬೇಸನ್ನು ಗಿಟಾರಿನ ಆಂಪ್ಲಿಫಯರಿಗೆ ಹಾಕಿ ಜೋರಾಗಿ ನುಡಿಸಿದರೆ ಶಂಕು ಹರಿಯುವ ಸಂಭವವುಂಟು. ಕೀಬೋರ್ಡಿನ ಆಂಪ್ಲಿಫಯರ್ ಆದೀತು. ಸಾರ್ವಜನಿಕ ಸಭೆಯ ಕಹಳೆಯಾಕಾರದ ಧ್ವನಿವರ್ಧಕವಂತೂ ಭಾಷಣಕ್ಕಾಗಿ ಮಾಡಿದ್ದು. ಅದರೊಳಗೆ ಬೇಸಿನ ನಾದ ಹೋದರೆ ಹೊರಗೆ ಬರುವುದು ಕೆಮ್ಮು ಮಾತ್ರ.

ಕೊನೆಗೆ ನಾವು ಆರಿಸಿದ್ದು ಆಂಪ್ಲಿಫಯರೂ 15 ಇಂಚಿನ ಸ್ಪೀಕರೂ ಒಂದೇ ಪೆಟ್ಟಿಗೆಯಲ್ಲಿರುವಂಥದನ್ನು, ಅದೂ ಒಂದು ಆರ್ಕೆಸ್ಟ್ರಾದವರಿಂದ ಹಳೆಯದನ್ನು. ತೂಕ 20 ಕೆ.ಜಿ.ಗೆ ಮೇಲೆ. 1969ರಲ್ಲಿ ಬಂದ ಆಂಪೆಗ್ ಕಂಪೆನಿಯ 300 ವಾಟಿನ ಯಂತ್ರ, ಅದರ ಕೆಳಗಿನ ಎಂಟು ಸ್ಪೀಕರುಗಳ ಕಪಾಟು ಬೇಸ್ ನುಡಿಸುವವರ ಕನಸಿನಲ್ಲಿ ಬರುವಂಥದ್ದು. ನಮ್ಮ ಕನಸಿನಲ್ಲಿ ಬಂದದ್ದು ಭಾಂಡುಪ್ ಸ್ಟೇಶನ್ನಿನ ಮೆಟ್ಟಿಲುಗಳು. ಆಟೋರಿಕ್ಷಾ ದಕ್ಷಿಣ ಮುಂಬಯಿಗೆ ಬಾರದು, ಟ್ಯಾಕ್ಸಿಯ ಬಾಡಿಗೆ ಬೇಡ. ಭಾನುವಾರ ಮಧ್ಯಾಹ್ನದ ಸ್ಲೋ ಲೋಕಲಿನ ಸಾಮಾನಿನ ಡಬ್ಬದಲ್ಲಿ, ಮೀನಿನ ಬುಟ್ಟಿಗಳ ನಡುವೆ, ಪೆಟ್ಟಿಗೆ ತಂದೆವು. ಒಬ್ಬ ಮೀನುಗಾರ್ತಿ ತಾಯಿ ಅದರ ಮೇಲೆ ಹಾಯಾಗಿ ಕುಳಿತು ಘಾಟ್ಕೋಪರಿನವರೆಗೆ ಬಂದರು. ಪೆಟ್ಟಿಗೆಯ ಗಟ್ಟಿತನಕ್ಕೆ ಅದಕ್ಕಿಂತ ಬೇರೆ ಪರೀಕ್ಷೆ ಬೇಕೆ?

ಹಾಲಿನಲ್ಲಿ ಇಟ್ಟು ನುಡಿಸಿದಾಗ ಒಂದು ವಿಚಿತ್ರ ಕಂಡಿತು. ವೇದಿಕೆಯ ಹತ್ತಿರ ಕುಳಿತವರಿಗೆ ಕೆಲವು ಸ್ವರ ಕೇಳದು. ಹಿಂದಿನ ಗೋಡೆಗೆ ಒರಗಿದವರಿಗೆ ಅದೇ ಸ್ವರ ಎದೆಗೆ ಗುದ್ದುತ್ತದೆ. ಕಾರಣ ಸರಳ. 41 ಕಂಪನಗಳ ನಾದದ ಒಂದು ಅಲೆಯ ಉದ್ದ ಸುಮಾರು 27 ಅಡಿ; ನಮ್ಮ ಹಾಲಿನ ಉದ್ದ 30 ಅಡಿ. ಅಲೆ ಗೋಡೆಗೆ ಬಡಿದು ಹಿಂದಿರುಗಿ ತನ್ನನ್ನೇ ಒಂದೆಡೆ ಕೂಡುತ್ತದೆ, ಇನ್ನೊಂದೆಡೆ ಕಳೆಯುತ್ತದೆ. ಮೂಲೆಯಲ್ಲಿಟ್ಟರೆ ಸದ್ದು ಉಬ್ಬಿ ಹಾಡಿನ ಮಾತೆಲ್ಲ ಮುಳುಗಿತು. ಮೂಲೆಯಿಂದ ನಾಲ್ಕಡಿ ಸರಿಸಿ, ಕೆಳಗೆ ದಪ್ಪ ರಬ್ಬರಿನ ಚಾಪೆ ಹಾಸಿ, ಬೇಸ್ ಎಂದು ಬರೆದ ಗುಂಡಿಯನ್ನೇ ಸ್ವಲ್ಪ ಇಳಿಸಿದ ಮೇಲೆ ಸ್ವರ ಬಿಡಿಬಿಡಿಯಾಗಿ ಕೇಳಿತು. ರಬ್ಬರು ನಮಗಾಗಿ ಅಲ್ಲ, ಕೆಳಗಿನ ಮನೆಯವರಿಗಾಗಿ. ಮೇಲಿನ ಸ್ವರಗಳನ್ನು ಗೋಡೆ ತಡೆಯುತ್ತದೆ, ಬೇಸನ್ನು ತಡೆಯದು. 2000ದ ಶಬ್ದ ಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ನಾವು ಸಾಯಂಕಾಲ ಏಳಕ್ಕೇ ಮುಗಿಸುತ್ತೇವೆ. ಕೆಳಗಿನ ಮನೆಯಲ್ಲಿ ಹತ್ತನೆಯ ತರಗತಿಯ ಹುಡುಗನಿದ್ದಾನೆ.

ಇನ್ನೊಂದು ಮಾತು, ತಮಾಷೆಯದಲ್ಲ. ಗುಂಯ್ ಸದ್ದು ಬರುತ್ತದೆಂದು ಕೆಲವರು ಮೂರು ಕಡ್ಡಿಯ ಪ್ಲಗ್ಗಿನ ಅರ್ಥಿಂಗ್ ಕಡ್ಡಿಯನ್ನು ಕಿತ್ತುಹಾಕುತ್ತಾರೆ. ಸದ್ದು ಹೋಗಬಹುದು. ಆದರೆ ತಂತಿಯನ್ನು ಹಿಡಿದ ಕೈ, ಮೈಕಿಗೆ ತಾಗಿದ ತುಟಿ, ಇವುಗಳ ನಡುವೆ ವಿದ್ಯುತ್ತು ಹಾದರೆ ಪ್ರಾಣವೂ ಹೋಗಬಹುದು. ನಾವು ಎಲೆಕ್ಟ್ರೀಶಿಯನ್ನನನ್ನು ಕರೆಸಿ ಹಾಲಿನ ಅರ್ಥಿಂಗನ್ನೇ ಸರಿಪಡಿಸಿಕೊಂಡೆವು. ಲ್ಯಾಮಿಂಗ್ಟನ್ ರೋಡಿನಿಂದ ಒಳ್ಳೆಯ ಕೇಬಲ್ಲು, ಜ್ಯಾಕು ತಂದು ಬೆಸೆದದ್ದರಿಂದ ಉಳಿದ ಗೊರಗೊರವೂ ನಿಂತಿತು.

ತಂತಿಯ ವಿಷಯದಲ್ಲಿ ಗುರು-ಶಿಷ್ಯೆಯರಿಗೆ ಜಗಳ. ದುಂಡು ತಂತಿ ಸುತ್ತಿದ ಬಗೆ ಒಂದು. ಝಣಝಣ ಎನ್ನುತ್ತದೆ, ಬೆರಳು ಸರಿದರೆ ಕೀಚಲು ಸದ್ದು ಬರುತ್ತದೆ, ನಮ್ಮ ಬೆವರಿನಲ್ಲಿ ಬೇಗ ಮಂಕಾಗುತ್ತದೆ. ಮಂಕಾದದ್ದನ್ನು ಬಿಸಿನೀರಿನಲ್ಲಿ ಕುದಿಸಿ ಒರೆಸಿ ಒಣಗಿಸಿದರೆ ಕೆಲವು ದಿನ ಜೀವ ಬರುವುದೂ ನಿಜ. ಚಪ್ಪಟೆ ಪಟ್ಟಿ ಸುತ್ತಿದ ಬಗೆ ಇನ್ನೊಂದು. ಬೆಲೆ ಹೆಚ್ಚು, ಆದರೆ ನುಣುಪು, ವರ್ಷಗಟ್ಟಲೆ ಬಾಳುತ್ತದೆ, ನಾದ ಹಳೆಯ ದಿನಗಳ ಹಾಡುಗಳಂತೆ ದುಂಡಗೆ. ಅಮೆರಿಕದ ಮೋಟೌನ್ ಕಂಪೆನಿಯ ಹಾಡುಗಳಿಗೆ ನುಡಿಸಿದ ಜೇಮ್ಸ್ ಜೇಮರ್ಸನ್ ಈ ಚಪ್ಪಟೆ ತಂತಿಯನ್ನು ಬದಲಿಸುವ ಗೋಜಿಗೇ ಹೋಗುತ್ತಿರಲಿಲ್ಲವಂತೆ. ಇದರ ಬಿಗುವು ಸಾಮಾನ್ಯವಾಗಿ ಹೆಚ್ಚು. ಗಿಡ್ಡ ಗಿಟಾರಿನಲ್ಲಿ ಅದು ಸರಿದೂಗುತ್ತದೆ. ಕೊಳ್ಳುವಾಗ 30 ಇಂಚಿನದೆಂದು ಕೇಳಿಯೇ ಕೊಳ್ಳಬೇಕು. ಉದ್ದ ತಂತಿಯ ದಪ್ಪ ಭಾಗವನ್ನು ಕಿವಿಗೆ ಸುತ್ತಹೋದರೆ ಎಳೆ ಬಿಚ್ಚಿ ಹಾಳಾಗುತ್ತದೆ. ನೋಯುವ ಬೆರಳಿನ ಪರವಾಗಿ ತೀರ್ಪು ಕೊಟ್ಟು ನಾವು ಚಪ್ಪಟೆಯದನ್ನೇ ತಂದೆವು. ಹುಡುಗಿ ಎರಡು ದಿನ ಮಾತಾಡಲಿಲ್ಲ.

ಎಫೆಕ್ಟ್ಸ್ ಪೆಡಲುಗಳಲ್ಲಿ ಅವಳು ನಾಲ್ಕನ್ನು ಕೇಳಿದ್ದಳು. ಒಂದು ಸ್ಥಾಯಿ ಕೆಳಗಿನ ನಾದ ಸೇರಿಸುವುದು, ಗುಂಗು ಹುಟ್ಟಿಸುವುದು, ದನಿ ಒರಟಾಗಿಸುವುದು, ಏರಿಳಿತವನ್ನು ಸಮಗೊಳಿಸುವುದು. ಮೊದಲನೆಯದನ್ನು ದಪ್ಪ ತಂತಿಗೆ ಹಾಕಿದರೆ 41ರ ಅರ್ಧ ಇಪ್ಪತ್ತು. ಅದು ಮನುಷ್ಯನ ಕಿವಿಯ ಎಲ್ಲೆ, ಕೇಳುವುದು ಇರುವೆಗಿರಬಹುದು. ಕೊಂಡದ್ದು ಕೊನೆಯದನ್ನು ಮಾತ್ರ, ಜೊತೆಗೊಂದು ಶ್ರುತಿ ತೋರಿಸುವ ಯಂತ್ರ. ಹಿರಿಯರ ಬೆರಳಿನ ಒತ್ತು ಕೆಲವೊಮ್ಮೆ ಸೋಲುತ್ತದೆ. ಆ ಸೋಲನ್ನು ಈ ಪುಟ್ಟ ಪೆಟ್ಟಿಗೆ ಯಾರಿಗೂ ತಿಳಿಯದಂತೆ ತುಂಬಿಕೊಡುತ್ತದೆ.

ಯಂತ್ರದ ಮಾತು ಬಂದುದರಿಂದ ಇದೊಂದನ್ನು ಹೇಳಲೇಬೇಕು. 1981ರ ಸುಮಾರಿಗೆ ಜಪಾನಿನ ರೋಲಂಡ್ ಕಂಪೆನಿ ಟಿ.ಬಿ. 303 ಎಂಬ ಪೆಟ್ಟಿಗೆ ತಂದಿತು. ಬೇಸ್ ನುಡಿಸುವವನ ಬದಲಿಗೆ ಅದು ಎಂದು. ಅದನ್ನು ಹಿಡಿದು 1982ರಲ್ಲಿ ಮುಂಬಯಿಯಲ್ಲಿ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಧ್ವನಿಮುದ್ರಿಸಿದ ಚರಣಜಿತ್ ಸಿಂಗ್, ಸಿನಿಮಾ ಆರ್ಕೆಸ್ಟ್ರಾಗಳಲ್ಲಿ ಬೇಸ್ ಗಿಟಾರ್ ನುಡಿಸಿದ್ದವರೇ! ಅದೇ ವರುಷ ನಮ್ಮ ಹಿರಿಯರು ಗಿಟಾರ್ ಮಾರಿದ್ದು. ಈ ಸಂಗತಿ ಹೇಳಿದಾಗ ಅವರು, “ನಮ್ಮನ್ನು ತೆಗೆದದ್ದು ಯಂತ್ರವಲ್ಲ ಬಿಡಿ” ಎಂದಷ್ಟೇ ಅಂದರು.

ಹಣದ ವಿಚಾರ. ಸಮಿತಿ ಮಂಜೂರು ಮಾಡಿದ್ದು ರೂ. 40,000. ಇದರಲ್ಲಿ ನಾಲ್ಕಾರು ಮಕ್ಕಳ ಫೀಸು ಕಟ್ಟಬಹುದಿತ್ತಲ್ಲ ಎಂದು ಒಬ್ಬ ಸದಸ್ಯರು ಕೇಳಿದರು. ನ್ಯಾಯವಾದ ಮಾತು. ವಿದ್ಯಾರ್ಥಿವೇತನದ ನಿಧಿಯನ್ನು ಮುಟ್ಟದೆ ಮನೆಮನೆಗೆ ಹೋಗಿ ಬೇರೆಯಾಗಿ ಕೂಡಿಸಿದೆವು. ಕೇಳಿದ ಆ ಸದಸ್ಯರೂ ರೂ. 500 ಕೊಟ್ಟರು, ರಸೀದಿ ಬೇಡವೆಂದರು.

ಪಾಠ ಭಾನುವಾರ ನಾಲ್ಕರಿಂದ ಆರರವರೆಗೆ. ಹಿರಿಯರಿಗೆ ಪಾಶ್ಚಾತ್ಯ ಸ್ವರಲಿಪಿ ಬಾರದು. ಯಾವ ಅಕ್ಷರದ ಮೇಲೆ ತಂತಿ ಮೀಟಬೇಕೆಂದು ಸಾಹಿತ್ಯದ ಕೆಳಗೆ ಗೀಟು ಹಾಕಿ ಹೇಳಿಕೊಡುತ್ತಾರೆ. ಅವರ ಕನ್ನಡ ಅಕ್ಷರದ ಹಾಳೆಯನ್ನು ಓದಲಾಗದೆ ಹುಡುಗಿ ಮೊದಲ ವಾರ ತಡವರಿಸಿದಳು. ಈಗ ಗೀಟಿರುವ ಅಕ್ಷರಗಳನ್ನಷ್ಟೇ ಗುರುತಿಸುತ್ತಾಳೆ. ಒತ್ತಕ್ಷರ ಬಂದರೆ ನಿಲ್ಲುತ್ತಾಳೆ. ಅವರು ಬಾಯಲ್ಲಿ ಹೇಳುತ್ತಾರೆ, ಅವಳು ಮೀಟುತ್ತಾಳೆ. ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಮೊದಲ ಮೂರು ಹಾಡಿಗೆ ಅವರು, ಉಳಿದ ಐದಕ್ಕೆ ಅವಳು ಎಂದು ನಿಶ್ಚಯವಾಗಿದೆ.