ಕೇಳಿದವರಿಗೆ ಕೇಳಿದ್ದು

ಹೊಸ ಐಪಿ ಫೋನನ್ನು ಡಬ್ಬಿಯಿಂದ ತೆಗೆದು ಕೇಬಲ್ ಸಿಕ್ಕಿಸುತ್ತೇನೆ. ತುಸು ಹೊತ್ತಿನಲ್ಲಿ ಪರದೆಯ ಮೇಲೆ ಎಕ್ಸ್‌ಟೆನ್ಷನ್ ನಂಬರು, ಬಳಸುವವರ ಹೆಸರು, ಸರಿಯಾದ ಸಮಯ. ಯಾರೂ ಒಂದು ಗುಂಡಿಯನ್ನೂ ಒತ್ತಿರುವುದಿಲ್ಲ. ನೆಟ್‌ವರ್ಕ್ ಕೆಲಸದಲ್ಲಿ ನನಗೆ ಇದಕ್ಕಿಂತ ಪ್ರಿಯವಾದ ನೋಟವಿಲ್ಲ.

ಇದರ ಹಿಂದಿರುವ ಡಿಎಚ್‌ಸಿಪಿ ಎಂದರೆ ಐಪಿ ವಿಳಾಸ ಹಂಚುವುದು, ಅಷ್ಟೇ ಎಂದುಕೊಂಡವರು ಬಹಳ. ವಿಳಾಸದ ಜೊತೆಗೇ ಅದು ಇನ್ನೂ ಎಷ್ಟೋ ಸಂಗತಿ ತಿಳಿಸಬಲ್ಲದು. ಒಂದೊಂದಕ್ಕೂ ಒಂದು ಸಂಖ್ಯೆ, ಅದೇ ಆಪ್ಷನ್. 3 ಗೇಟ್‌ವೇ, 6 ಡಿಎನ್‌ಎಸ್, 42 ಸಮಯ ಹೇಳುವ ಸರ್ವರ್. 66ರಲ್ಲಿ ಫೋನು ತನ್ನ ಕಾನ್ಫಿಗರೇಶನ್ ಫೈಲನ್ನು ಎಲ್ಲಿಂದ ತರಬೇಕೆಂಬ ವಿವರ. ಸಿಸ್ಕೋ ಫೋನುಗಳಿಗಾದರೆ 150. ಅದರಲ್ಲಿ ಒಂದಕ್ಕಿಂತ ಹೆಚ್ಚು ವಿಳಾಸ ಕೊಡಬಹುದಾದ್ದರಿಂದ ಒಂದು ಸರ್ವರ್ ಕೈಕೊಟ್ಟರೂ ಇನ್ನೊಂದಿದೆ.

ನನ್ನ ಮನಸ್ಸು ಗೆದ್ದದ್ದು ಮಾತ್ರ ಆಪ್ಷನ್ 55. ವೈರ್‌ಶಾರ್ಕ್ ತೆರೆದು ಫೋನು ಕಳಿಸಿದ ಮೊದಲ ಡಿಸ್ಕವರ್ ಪ್ಯಾಕೆಟ್ ನೋಡಿ: ತನಗೆ ಯಾವ ಯಾವ ಆಪ್ಷನ್ ಬೇಕು ಎಂಬ ಪಟ್ಟಿಯನ್ನು ಅದು ಅಲ್ಲೇ ಕೊಟ್ಟಿರುತ್ತದೆ. 60ರಲ್ಲಿ ತಾನು ಯಾವ ಜಾತಿಯ ಸಾಧನ ಎಂದೂ ಹೇಳಿಕೊಂಡಿರುತ್ತದೆ. ಎಲ್ಲ ಎಲೆಗೂ ಒಂದೇ ಅಡುಗೆ ಬಡಿಸುವ ಪಂಕ್ತಿಯಲ್ಲ ಇದು. ಸರ್ವರಿನಲ್ಲಿ ಏನನ್ನಾದರೂ ಬರೆಯುವ ಮೊದಲು ಈ ಪಟ್ಟಿ ಓದುವುದೇ ಈ ಕೆಲಸದ ನಿಜವಾದ ಸುಖ.

1997ರ ಆರ್‌ಎಫ್‌ಸಿ 2132 ಎಂಬ ಪ್ರಮಾಣಕ ಆಪ್ಷನ್‌ಗಳಿಗೆ ಹಾಕಿದ ಕಟ್ಟು ಬಲು ಸರಳ: ಸಂಖ್ಯೆಗೆ ಒಂದು ಬೈಟು, ಉದ್ದಕ್ಕೆ ಒಂದು ಬೈಟು, ಆಮೇಲೆ ವಿಷಯ. ಆಪ್ಷನ್ 2ರಲ್ಲಿ ಗ್ರೀನ್‌ವಿಚ್‌ಗೂ ನಮಗೂ ಇರುವ ಅಂತರವನ್ನು ಸೆಕೆಂಡುಗಳಲ್ಲಿ ಬರೆಯಬೇಕು. ಭಾರತದ ಐದೂವರೆ ಗಂಟೆಗೆ 19800. ಹೆಕ್ಸ್‌ನಲ್ಲಿ 00 00 4ಡಿ 58. ನಮ್ಮ ಇಡೀ ದೇಶದ ಹೊತ್ತು ನಾಲ್ಕು ಬೈಟುಗಳಲ್ಲಿ!

ಅತ್ಯಂತ ಸ್ವಾರಸ್ಯದ್ದು 43. ಇದರೊಳಗೆ ಏನಿರಬೇಕೆಂಬುದನ್ನು ಪ್ರಮಾಣಕ ಹೇಳುವುದಿಲ್ಲ, ಆಯಾ ಕಂಪನಿಗೇ ಬಿಟ್ಟುಕೊಟ್ಟಿದೆ. ಸಿಸ್ಕೋ ಆಕ್ಸೆಸ್ ಪಾಯಿಂಟಿಗೆ 192.168.10.5ರಲ್ಲಿರುವ ಕಂಟ್ರೋಲರನ್ನು ತೋರಿಸಲು ಎಫ್1 04 ಸಿ0 ಎ8 0ಎ 05 ಎಂದು ಬರೆಯುತ್ತೇನೆ. ಎಫ್1 ಉಪ-ಆಪ್ಷನ್ನು, 04 ಉದ್ದ, ಉಳಿದ ನಾಲ್ಕು ವಿಳಾಸ. ಕಂಟ್ರೋಲರ್ ಎರಡಾದರೆ 04 ಹೋಗಿ 08 ಆಗುತ್ತದೆ, ಹಿಂದೆಯೇ ಇನ್ನೊಂದು ವಿಳಾಸ. ಇದೇ 43ಕ್ಕೆ ಬೇರೆ ಕಂಪನಿಯ ಸಾಧನ ಬೇರೆಯದೇ ಅರ್ಥ ಮಾಡಿಕೊಳ್ಳುತ್ತದೆ. ಆದ್ದರಿಂದಲೇ 60ರಲ್ಲಿ ಬಂದ ಪರಿಚಯ ನೋಡಿ, ಯಾರಿಗೆ ಯಾವ ಉತ್ತರ ಎಂದು ಸರ್ವರಿನಲ್ಲಿ ವಿಂಗಡಿಸಿಡಬೇಕು. ಹೀಗೆ ವಿಂಗಡಿಸುತ್ತ ಕೂತರೆ ಮಧ್ಯಾಹ್ನ ಜಾರಿದ್ದು ನನಗೆ ತಿಳಿಯುವುದಿಲ್ಲ.

ಇದೇ ಕೆಲಸದಲ್ಲಿರುವವರಲ್ಲಿ ಒಂದು ಕೋರಿಕೆ: 43ರ ಸಾಲು ಬರೆದ ಮೇಲೆ, ಅದು ಯಾವ ಕಂಪನಿಯ ಯಾವ ಸಾಧನಕ್ಕೆ ಎಂದು ಪಕ್ಕದಲ್ಲೇ ಒಂದು ಕಾಮೆಂಟ್ ಬರೆದಿಡಿ. ನಿಮ್ಮ ನಂತರ ಬರುವವರು ಬರೀ ಹೆಕ್ಸ್ ನೋಡಿ ಅದನ್ನು ಊಹಿಸಲಾರರು.