ಗೆರೆ ಕಾಣಿಸುತ್ತಿದೆಯೇ?

ಹುಳಿಮಾವಿನ ಆ ಮನೆಗೆ ಸೊಸೆಯಾಗಿ ಬಂದ ಹುಡುಗಿಗೆ ಚಿಕ್ಕಂದಿನಿಂದಲೂ ಅಂಟಿದ್ದು ಒಂದೇ ಮಾತು: ‘ರಕ್ತ ಕಡಿಮೆ’. ಶಾಲೆಯಲ್ಲಿ ಕಬ್ಬಿಣದ ಮಾತ್ರೆ, ಕಾಲೇಜಿನಲ್ಲಿ ಟಾನಿಕ್ಕು, ಮನೆಯಲ್ಲಿ ಖರ್ಜೂರ, ನುಗ್ಗೆಸೊಪ್ಪು. ತಿಂದದ್ದೆಲ್ಲ ಎಲ್ಲಿಗೆ ಹೋಯಿತೋ, ಹಿಮೋಗ್ಲೋಬಿನ್ ಮಾತ್ರ ಹತ್ತರ ಗಡಿ ದಾಟಲಿಲ್ಲ. ಬಸುರಿಯಾದ ಮೂರನೆಯ ತಿಂಗಳಲ್ಲಿ ಬನ್ನೇರುಘಟ್ಟ ರಸ್ತೆಯ ವೈದ್ಯೆಯೊಬ್ಬರು ಮಾತ್ರೆ ಬರೆಯುವ ಮೊದಲು ಒಂದು ಹನಿ ರಕ್ತ ಕೇಳಿದರು.

ಪರೀಕ್ಷೆಯ ಹೆಸರು ನೆಸ್ಟ್ರಾಫ್ಟ್. ಹೆಸರಷ್ಟೇ ಕಷ್ಟ. ಶೇಕಡಾ 0.36ರಷ್ಟು ಉಪ್ಪಿರುವ ದ್ರಾವಣಕ್ಕೆ ರಕ್ತ ಬೆರೆಸಿ ಅರ್ಧ ಗಂಟೆ ಬಿಟ್ಟು, ಗಾಜಿನ ನಳಿಕೆಯ ಹಿಂದೆ ಕಪ್ಪು ಗೆರೆ ಎಳೆದ ಬಿಳಿ ಕಾಗದ ಹಿಡಿದು ನೋಡುವುದು. ಯಂತ್ರವಿಲ್ಲ, ಬರಿಗಣ್ಣು ಸಾಕು. ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿಯೂ ಥಲಸ್ಸೀಮಿಯಾ ವಾಹಕರನ್ನು ಸೋಸಿ ತೆಗೆಯಲು ಇದನ್ನು ಹೇಳುತ್ತದೆ.

ಉಪ್ಪು ಬೆರೆತ ಮಾವಿನ ಹೋಳು ನೀರು ಬಿಟ್ಟು ಮುದುಡುವುದನ್ನು ಹುಳಿಮಾವಿನವರಿಗೆ ಹೇಳಿಕೊಡಬೇಕೆ? ಇಲ್ಲಿ ನಡೆಯುವುದು ಅದರ ತಿರುಗುಮುರುಗು. ಕೆಂಪು ರಕ್ತಕಣಕ್ಕೆ ಒಗ್ಗುವುದು ಶೇಕಡಾ 0.9ರ ಉಪ್ಪುನೀರು. ಹೊರಗೆ ಉಪ್ಪು ತೀರಾ ಕಡಿಮೆಯಾದರೆ ನೀರು ಒಳನುಗ್ಗಿ ಕಣ ಉಬ್ಬಿ ಒಡೆಯುತ್ತದೆ. ದ್ರಾವಣ ತಿಳಿಯಾಗಿ ಗೆರೆ ಕಾಣುತ್ತದೆ. ವಾಹಕರ ಕಣಗಳು ಸಣ್ಣವು, ಚಪ್ಪಟೆಯಾದವು. ಅರ್ಧ ಊದಿದ ಬಲೂನಿನಂತೆ ನೀರು ಹಿಡಿಸಿಕೊಂಡರೂ ಒಡೆಯುವುದಿಲ್ಲ, ದ್ರಾವಣ ಕದಡಿಯೇ ಇರುತ್ತದೆ. ತಾಳಿಕೆಯೇ ದೋಷದ ಗುರುತು, ನೋಡಿ!

ಆಕೆಯ ನಳಿಕೆಯಲ್ಲಿ ಗೆರೆ ಕಾಣಲಿಲ್ಲ. ಕಬ್ಬಿಣದ ಕೊರತೆಯಲ್ಲೂ ಹೀಗಾಗುವುದುಂಟು. ಹಾಗಾಗಿ ಇನ್ನೊಂದು ಪರೀಕ್ಷೆಯಾಯಿತು. ಹಿಮೋಗ್ಲೋಬಿನ್ ಎ2 ಶೇಕಡಾ 3.5ನ್ನು ದಾಟಿತ್ತು. ವಾಹಕಿ ಎಂಬುದು ಖಚಿತವಾಯಿತು. ಇಷ್ಟರಿಂದ ಆಕೆಗೇನೂ ಅಪಾಯವಿಲ್ಲ. ಗಂಡನೂ ವಾಹಕನಾಗಿದ್ದರೆ ಮಾತ್ರ, ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು, ಹುಟ್ಟುವ ಮಗು ವಾರಗಳ ಲೆಕ್ಕದಲ್ಲಿ ರಕ್ತ ಹಾಕಿಸಿಕೊಂಡೇ ಬದುಕಬೇಕಾದೀತು.

“ನಮ್ಮ ವಂಶದಲ್ಲಿ ಅಂಥದ್ದೇನಿಲ್ಲ” ಎಂದರು ಅತ್ತೆ. ಮಗ ಎರಡು ದಿನ ಕೆಲಸದ ನೆಪ ಹೇಳಿ, ಮೂರನೆಯ ದಿನ ತೋಳು ಮಡಚಿ ಕುಳಿತ. ಆ ಅರ್ಧ ಗಂಟೆ ಆಕೆ ಗೋಡೆಯ ಗಡಿಯಾರ ಬಿಟ್ಟು ಬೇರೇನೂ ನೋಡಲಿಲ್ಲ. ಗೆರೆ ಸ್ಪಷ್ಟವಾಗಿ ಕಂಡಿತು. ಬರಿಗಣ್ಣನ್ನೇ ನಂಬಬಾರದೆಂದು ಮಾಡಿಸಿದ ಎ2 ವರದಿಯೂ ಸರಿಯಾಗಿ ಬಂತು.

ಕಬ್ಬಿಣದ ಪ್ರಮಾಣ ನೋಡದೆ ಇನ್ನು ಮಾತ್ರೆ ನುಂಗಬೇಡ ಎಂದ ವೈದ್ಯೆ, ಊರಿನಲ್ಲಿರುವ ತಂಗಿಯನ್ನೂ ಕರೆಸಲು ಹೇಳಿದರು. ಅವಳ ಜಾತಕ ಆಗಲೇ ಎರಡು ಮನೆಗೆ ಹೋಗಿತ್ತು.